ಆಂಬ್ರೋಸ್ ಸರದಿ ಬಿಡುವ ದಿನ

ವರ್ಷಕ್ಕೊಂದು ದಿನ ಆಂಬ್ರೋಸನಿಗೆ ತಲೆ ಕೆಡುತ್ತದೆ. ಉಳಿದ ದಿನಗಳಲ್ಲಿ ನಮ್ಮ ಟ್ಯಾಕ್ಸಿ ಸಾಲಿನಲ್ಲಿ ಅವನಷ್ಟು ನೆಟ್ಟಗಿನ ಮನುಷ್ಯ ಇನ್ನೊಬ್ಬನಿಲ್ಲ. ಜನವರಿಯಲ್ಲಿ ಆ ನೀಲಿ ಚಿಮಣಿಯ ಪ್ರವಾಸಿ ಹಡಗು ನಮ್ಮ ದ್ವೀಪದ ರೋಸೋ ಬಂದರಿನ ಧಕ್ಕೆಗೆ ಬಂತೆಂದರೆ ಮುಗಿಯಿತು. ಅವತ್ತು ಎಲ್ಲರಿಗಿಂತ ಮೊದಲು ಬಂದು ಸಾಲಿನ ತಲೆಗೆ ವ್ಯಾನು ನಿಲ್ಲಿಸುತ್ತಾನೆ. ಗಿರಾಕಿ ಬಂದ ಕೂಡಲೇ ಹಿಂದಿನವನಿಗೆ ಬಿಟ್ಟುಕೊಟ್ಟು ತಾನು ಸಾಲಿನ ಬಾಲಕ್ಕೆ ಹೋಗುತ್ತಾನೆ. ಅಲ್ಲಿಂದ ಮೆಲ್ಲಗೆ ತೆವಳಿಕೊಂಡು ಮತ್ತೆ ತಲೆಗೆ ಬರುತ್ತಾನೆ, ಮತ್ತೆ ಬಿಟ್ಟುಕೊಡುತ್ತಾನೆ. ಬಂದ ಗಿರಾಕಿಯನ್ನು ಕೈಯಾರೆ ದೂಡುವ ಡ್ರೈವರನ್ನು ಈ ದ್ವೀಪದಲ್ಲಿ ಬೇರೆಲ್ಲಾದರೂ ತೋರಿಸಿ, ನನ್ನ ಸೀಟಿಯನ್ನು ನಿಮಗೇ ಕೊಟ್ಟುಬಿಡುತ್ತೇನೆ.

ಸೀಟಿ ಅಂದೆನಲ್ಲ, ನನ್ನ ಕೆಲಸ ಅದೇ. ಬಂದರಿನ ಗೇಟಿನ ಹೊರಗೆ ನಿಂತು ಯಾರು ಯಾವ ಗಾಡಿಗೆ ಅಂತ ಹೇಳುವವಳು ನಾನು, ಕ್ಲೆಮೆನ್ಷಿಯಾ. ಡ್ರೈವರುಗಳ ಬಾಯಲ್ಲಿ ಮಾ ಕ್ಲೆಮ್. ಹಡಗಿನಲ್ಲೇ ಪ್ರವಾಸ ಬುಕ್ ಮಾಡಿದವರು ಎದೆಗೆ ನಂಬರಿನ ಚೀಟಿ ಅಂಟಿಸಿಕೊಂಡು, ಸ್ಕೂಲ್ ಮಕ್ಕಳ ಹಾಗೆ ಸಾಲಾಗಿ ಬಂದು, ಗೇಟಿನೊಳಗೇ ನಿಂತ ದೊಡ್ಡ ಬಸ್ಸುಗಳಲ್ಲಿ ಹೊರಟುಹೋಗುತ್ತಾರೆ. ಅವರಿಗೂ ನಮಗೂ ಮಾತುಕತೆ ಇಲ್ಲ. ಏನೂ ಬುಕ್ ಮಾಡದವರು ಆಮೇಲೆ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಗೇಟು ದಾಟಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಈಗ ಸಂಜೆಯವರೆಗೆ ಏನು ಮಾಡೋಣ ಅನ್ನುವ ಮುಖ ಹೊತ್ತು ನಿಲ್ಲುತ್ತಾರೆ. ನಮ್ಮ ಅನ್ನ ಅವರಿಂದಲೇ. ಅವರು ಯಾರೇ ಆಗಲಿ, ಸಾಲಿನ ತಲೆಯಲ್ಲಿರುವವನ ಗಿರಾಕಿ. ಸರದಿ ಬಿಟ್ಟವನು ಬಾಲಕ್ಕೆ. ಈ ನಿಯಮಕ್ಕಾಗಿ ನಾನು ಸ್ವಂತ ಅಣ್ಣನ ಜೊತೆ ಬೀದಿಯಲ್ಲಿ ಜಗಳವಾಡಿದವಳು.

ನಾಲ್ಕು ವರ್ಷದ ಹಿಂದೆ ಹಾಗೆ ಇಳಿದು ಬಂದವಳು ಮಾರ್ಗಿಟ್. ಜರ್ಮನಿಯವಳು, ತೆಳ್ಳಗೆ, ನೆರೆತ ಕೂದಲು, ಕೈಯಲ್ಲೊಂದು ಬಟ್ಟೆಚೀಲ. ಜಲಪಾತಕ್ಕಾ, ಬಿಸಿನೀರಿನ ಬುಗ್ಗೆಗಾ, ಬೀಚಿಗಾ ಅಂತ ಕೇಳಿದೆ.

"ನನಗೆ ಏನೂ ನೋಡೋದು ಬೇಡ," ಅಂದಳು. "ನೋಡೋಕೆ ಏನೂ ಇಲ್ಲದ ಜಾಗ ಇದ್ರೆ ಹೇಳಿ."

ಸಾಲಿನ ತಲೆಯಲ್ಲಿ ಆಂಬ್ರೋಸ್ ಇದ್ದ. "ನಮ್ಮನೆ ಇದೆಯಲ್ಲ! ಅಲ್ಲಿ ನೋಡೋಕೆ ದೇವ್ರಾಣೆ ಏನೂ ಇಲ್ಲ," ಅಂದ ಆ ಪುಣ್ಯಾತ್ಮ. ಅವನು ಅಂದದ್ದು ತಮಾಷೆಗೆ. ಅವಳು ಹೋಗಿ ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಸೀಟಿ ಊದಿ ಕಳಿಸಿದವಳು ನಾನೇ. ಆಗ ನಾನೂ ಹಲ್ಲು ಬಿಟ್ಟು ನಕ್ಕಿದ್ದೆ.

ಅವತ್ತು ಅವನು ಅವಳನ್ನು ಜಿರಾಡೆಲ್ ಗುಡ್ಡದ ಮೇಲಿನ ತನ್ನ ಮನೆಯ ಜಗಲಿಯಲ್ಲಿ ಕೂರಿಸಿ, ಹಲಸಿನಂಥ ಬ್ರೆಡ್‌ಫ್ರೂಟ್ ಕಾಯಿ ಕೆಂಡದಲ್ಲಿ ಸುಟ್ಟು ಕೊಟ್ಟನಂತೆ. ಇಬ್ಬರೂ ಸಂಜೆಯವರೆಗೆ ಸಮುದ್ರ ನೋಡುತ್ತಾ ಕೂತಿದ್ದರಂತೆ. ಹೆಚ್ಚು ಮಾತೂ ಇಲ್ಲವಂತೆ. ಮರುವರ್ಷ ಅದೇ ಹಡಗಿನಲ್ಲಿ ಮತ್ತೆ ಬಂದಳು. ಅದರ ಮರುವರ್ಷವೂ, ಹೋದ ವರ್ಷವೂ ಬಂದಳು. ಈ 'ಅಂತೆ'ಗಳೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಆಂಬ್ರೋಸ್ ಒಂದೂ ಬಿಡದೆ ನನ್ನ ಹತ್ತಿರವೇ ಬಂದು ಹೇಳುತ್ತಾನೆ. ನನ್ನ ಹತ್ತಿರವೇ! ಊರಲ್ಲಿ ಇನ್ನೊಂದು ಕಿವಿ ಇಲ್ಲ ಅವನಿಗೆ.

ಮುಚ್ಚುಮರೆ ಯಾಕೆ, ಹೇಳಿಬಿಡುತ್ತೇನೆ. ದೊಡ್ಡ ಬಿರುಗಾಳಿಗೆ ಊರಿನ ಚಾವಣಿಗಳೆಲ್ಲ ಹಾರಿಹೋದಾಗ, ಈ ಮನುಷ್ಯ ತನ್ನ ಮನೆಗಿಂತ ಮೊದಲು ನನ್ನ ಮನೆಗೆ ತಗಡು ಹೊದಿಸಿದ. ನನ್ನ ಗಂಡ ಪಕ್ಕದ ದ್ವೀಪ ಗ್ವಾಡಲೂಪಿಗೆ ಕಬ್ಬು ಕಡಿಯಲು ಹೋದವನು ಅಲ್ಲೇ ಒಬ್ಬಳನ್ನು ಕಟ್ಟಿಕೊಂಡು ಕೂತು ಯಾವುದೋ ಕಾಲವಾಗಿತ್ತು. ಆಂಬ್ರೋಸನ ಹೆಂಡತಿಯೂ ತೀರಿಕೊಂಡಿದ್ದಳು. ಅವನು ಮೇಲೆ ಮೊಳೆ ಹೊಡೆಯುತ್ತಿದ್ದ, ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. "ಕ್ಲೆಮ್, ಬಿಡಬೇಡ ಕಣೇ, ಬಿದ್ರೆ ನಿನ್ನ ತಲೆ ಮೇಲೇ ಬೀಳ್ತೀನಿ," ಅಂದ. ಅವತ್ತು ಹಿಡಿದದ್ದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಅವನಿಗೆ ಮಾತ್ರ ಅದು ಕಾಣುವುದಿಲ್ಲ. ದಿನಾ ಎದುರಿಗೇ ನಿಲ್ಲುವ ಗೇಟಿನ ಕಂಬವನ್ನು ಯಾರಾದರೂ ನೋಡುತ್ತಾರೆಯೇ?

ಈ ವರ್ಷ ಆ ದಿನ ಬಂತು. ಆಂಬ್ರೋಸ್ ಇಸ್ತ್ರಿ ಮಾಡಿದ ಹಳದಿ ಅಂಗಿ ತೊಟ್ಟು, ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದ.

"ಏನಪ್ಪಾ ಮದುಮಗ, ಈ ವರ್ಷಾನೂ ಗಿರಾಕಿ ಬಿಟ್ಟು ಉಪವಾಸಾನಾ?" ಅಂತ ಶುರು ಮಾಡಿದ ಟೈಟಸ್. ಸಾಲಿನ ಹಳೆಯ ಡ್ರೈವರ್ ಅವನು, ಬಾಯಿ ತೆರೆದರೆ ಕೀಟಲೆ. "ಮಾ ಕ್ಲೆಮ್, ನೋಡಿ ಇವನ್ನ. ಸೆಂಟ್ ಬೇರೆ ಹಾಕ್ಕೊಂಡು ಬಂದವ್ನೆ. ಮೀನು ಮಾರ್ಕೆಟ್ ತನಕ ಘಮಘಮ!"

"ನಿನ್ ಗಾಡಿ ಒರೆಸ್ಕೋ ಹೋಗೋ," ಅಂತ ಆಂಬ್ರೋಸ್ ಅವನನ್ನು ತಳ್ಳಿ ನನ್ನ ಹತ್ತಿರ ಬಂದ. ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡ.

"ಕ್ಲೆಮ್, ಈ ಸಲ ಕೇಳ್ಬಿಡ್ತೀನಿ."

"ಏನ್ ಕೇಳ್ತೀಯ?"

"ಇಲ್ಲೇ ಇದ್ಬಿಡು ಅಂತ. ಹಡಗು ಹೋದ್ರೆ ಹೋಗ್ಲಿ, ನೀನು ಹತ್ತಬೇಡ ಅಂತ." ಹುಡುಗನ ಹಾಗೆ ಟೋಪಿ ತಿರುಗಿಸುತ್ತಾ ನಿಂತ. "ಗಂಡ ಇಲ್ಲ ಅನ್ಸುತ್ತೆ ಅವಳಿಗೆ. ಒಂದಿನಾನೂ ಅವನ ಮಾತೇ ಎತ್ತಿಲ್ಲ. ನಿನಗೇನ್ ಅನ್ಸುತ್ತೆ, ಒಪ್ತಾಳಾ?"

"ನನ್ನನ್ನ ಕೇಳ್ತಿದ್ದೀಯಾ?"

"ಇನ್ಯಾರನ್ನ ಕೇಳ್ಲಿ? ನನ್ನ ಮನಸ್ಸು ಬಲ್ಲವಳು ನೀನೊಬ್ಬಳೇ ಅಲ್ವಾ."

ಬಾಯಿಗೆ ಬಂದದ್ದೆಲ್ಲ ಬೈದುಬಿಡಬೇಕು ಅನ್ನಿಸಿತು. ಕೈ ಮಾತ್ರ ತಾನಾಗಿಯೇ ಹೋಗಿ ಅವನ ಕಾಲರು ಸರಿ ಮಾಡಿತು. "ಕೇಳು. ಕೇಳದೆ ಸುಮ್ನೆ ಬಂದ್ಯೋ, ಈ ಸಾಲಿಗೆ ಕಾಲಿಡಬೇಡ," ಅಂದೆ. ಅವನು ಮುಖವರಳಿಸಿ ಹೋದ. ಬೆಪ್ಪ!

ಬೆಳಗಿಡೀ ಅವನ ಆಟ ನಡೆಯಿತು. ಕೆನಡಾದ ಐದು ಜನರ ಗುಂಪೊಂದು ಬಂತು, ಹಿಂದಿನವನಿಗೆ ಬಿಟ್ಟ. ಜಲಪಾತಕ್ಕೆ ಹೋಗಬೇಕೆಂದ ಗಂಡಹೆಂಡಿರನ್ನು ಇನ್ನೊಬ್ಬನಿಗೆ ಬಿಟ್ಟ. ಪ್ರತಿ ಸಲವೂ ಕಣ್ಣು ಗೇಟಿನ ಮೇಲೆ. ನನ್ನ ಕಣ್ಣೂ ಗೇಟಿನ ಮೇಲೇ. ಬರದಿರಲಿ ತಾಯಿ, ಈ ಸಲ ಹಡಗಿನಲ್ಲೇ ಮಲಗಿರಲಿ, ಅವಳೂ ಎದೆಗೆ ಚೀಟಿ ಅಂಟಿಸಿಕೊಂಡು ಯಾವುದಾದರೂ ಬಸ್ಸು ಹತ್ತಿ ಹೋಗಿಬಿಟ್ಟಿರಲಿ ಅಂತ ಒಂದೇ ಸಮನೆ ಬೇಡುತ್ತಿದ್ದೆ.

ಬಂದಳು. ಬಿಸಿಲು ಏರಿದ ಮೇಲೆ, ಎಲ್ಲರಿಗಿಂತ ಹಿಂದೆ, ಅದೇ ಬಟ್ಟೆಚೀಲ ಹಿಡಿದು. ಹೋದ ವರ್ಷಕ್ಕಿಂತ ಸೊರಗಿದ್ದಳು.

ಆಂಬ್ರೋಸ್ ಆಗಷ್ಟೇ ಒಂದು ಗಿರಾಕಿ ಬಿಟ್ಟು ಸಾಲಿನ ಬಾಲದಲ್ಲಿದ್ದ. ತಲೆಯಲ್ಲಿದ್ದವನು ಮರ್ವಿನ್. ಹಿಂದಿನ ವರ್ಷಗಳಲ್ಲೂ ಹೀಗಾಗಿತ್ತು. ಆಗೆಲ್ಲ ತಲೆಯಲ್ಲಿದ್ದವನು ಬಾನೆಟ್ ಎತ್ತಿ, ಅಯ್ಯೋ ಎಂಜಿನ್ ಕೈಕೊಡ್ತು ಅಂತ ನಾಟಕ ಮಾಡುತ್ತಿದ್ದ, ಅವನ ಹಿಂದಿನವನಿಗೆ ಪಂಕ್ಚರ್ ಆಗುತ್ತಿತ್ತು, ಹೀಗೆ ಸಾಲಿಗೆ ಸಾಲೇ ಕೆಟ್ಟು ನಿಂತು ಆಂಬ್ರೋಸನಿಗೆ ದಾರಿ ಬಿಡುತ್ತಿತ್ತು. ಬಾಯಲ್ಲಿ ಎಷ್ಟು ಕಾಡಿದರೂ ಇದೊಂದನ್ನು ಎಲ್ಲರೂ ಮಾಡುತ್ತಿದ್ದರು. ಮರ್ವಿನ್ ಈ ಸೀಸನ್ನಿಗೆ ಹೊಸದಾಗಿ ಸೇರಿದವನು. ಟೈಟಸ್ ಹಿಂದಿನಿಂದ ಬಾನೆಟ್ ಎತ್ತೋ, ಎತ್ತೋ ಅಂತ ಸನ್ನೆ ಮಾಡಿದ. ಮರ್ವಿನ್ ನೋಡಿದ, ನೋಡದವನ ಹಾಗೆ ಬಾಗಿಲು ತೆರೆದು ನಿಂತ.

"ಬನ್ನಿ ಮೇಡಂ! ಎಲ್ಲಿಗೆ ಹೇಳಿ, ನಾನ್ ಕರ್ಕೊಂಡ್ಹೋಗ್ತೀನಿ."

"ಮರ್ವಿನ್, ಅದು ಆಂಬ್ರೋಸನ ಗಿರಾಕಿ ಕಣೋ," ಅಂತ ಟೈಟಸ್ ಕೂಗಿದ.

"ಅದೆಂಗೆ? ಅವ್ರು ಬಾಲದಲ್ಲವ್ರೆ. ಮೊನ್ನೆ ನಾನು ಒಬ್ಬನ್ನ ದಾಟಿ ಮುಂದೆ ಬಂದಿದ್ದಕ್ಕೆ ಮಾ ಕ್ಲೆಮ್ ಎಲ್ಲರೆದುರು ಉಗಿದು ಉಪ್ಪಿನಕಾಯಿ ಹಾಕಿದ್ರು. ಸರದಿ ಅಂದ್ರೆ ಸರದಿ ಅಂದ್ರು. ಅಲ್ವಾ ಮಾ ಕ್ಲೆಮ್? ನೀವೇ ಹೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮಾರ್ಗಿಟಳೂ.

ಹೇಳುವುದೇನಿದೆ! ನ್ಯಾಯ ಅವನ ಕಡೆಗಿತ್ತು. ನಾನು ಒಂದು ಸಲ ಸೀಟಿ ಊದಿದರೆ ಸಾಕಿತ್ತು. ಅವಳು ಮರ್ವಿನನ ಜೊತೆ ಯಾವುದೋ ಬೀಚಿಗೆ ಹೋಗುತ್ತಿದ್ದಳು, ಸಂಜೆ ಹಡಗು ಹತ್ತುತ್ತಿದ್ದಳು, ಆಂಬ್ರೋಸನ ಪ್ರಶ್ನೆ ಅವನ ಗಂಟಲಲ್ಲೇ ಉಳಿಯುತ್ತಿತ್ತು. ಯಾರೊಬ್ಬರೂ ನನ್ನತ್ತ ಬೆರಳು ತೋರಿಸುವಂತಿರಲಿಲ್ಲ. ಸೀಟಿಯನ್ನು ತುಟಿಗೂ ಇಟ್ಟೆ.

ಬಾಲದಲ್ಲಿ ಆಂಬ್ರೋಸ್ ವ್ಯಾನಿನ ಪಕ್ಕ ನಿಂತಿದ್ದ. ಕೂಗಲಿಲ್ಲ, ಓಡಿ ಬರಲಿಲ್ಲ, ನನ್ನನ್ನು ಬೇಡಿಕೊಳ್ಳಲೂ ಇಲ್ಲ. ನಿಯಮ ಅವನಿಗೂ ಗೊತ್ತಿತ್ತಲ್ಲ. ಟೋಪಿ ತೆಗೆದು ಅದರಿಂದ ಮುಂದಿನ ಸೀಟನ್ನು ಸುಮ್ಮನೆ ಒರೆಸುತ್ತಿದ್ದ. ಸೀಟಿನಲ್ಲಿ ಧೂಳೇ ಇರಲಿಲ್ಲ. ಬೆಳಗ್ಗೆ ಅವನು ಅದನ್ನು ತೊಳೆದದ್ದನ್ನು ನಾನೇ ನೋಡಿದ್ದೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲೆ, ಅವಳ ಮೇಲೆ, ನನ್ನ ಈ ಹಾಳು ಎದೆಯ ಮೇಲೆ.

"ಆಂಬ್ರೋಸ್! ಕಿವುಡಾ ನೀನು? ಗಾಡಿ ಮುಂದಕ್ಕೆ ತಗೊಂಡ್ಬಾ!" ಅಂತ ಕಿರುಚಿದೆ.

"ಮಾ ಕ್ಲೆಮ್, ಇದು ಅನ್ಯಾಯ!" ಮರ್ವಿನ್ ಕೆಂಪಾದ.

"ಹೂಂ, ಅನ್ಯಾಯಾನೇ. ಯಾವನಿಗೆ ಬೇಕಾದ್ರೂ ಹೋಗಿ ಹೇಳ್ಕೋ. ಈಗ ದಾರಿ ಬಿಡು, ಇಲ್ಲಾಂದ್ರೆ ಈ ಸೀಟಿ ನುಂಗಿಸ್ತೀನಿ."

ವ್ಯಾನು ಮುಂದೆ ಬಂತು. ಮಾರ್ಗಿಟ್ ಹತ್ತಿದಳು. ಆಂಬ್ರೋಸ್ ನನ್ನ ಕಡೆ ನೋಡಿ ತಲೆಬಾಗಿಸಿದ, ಚರ್ಚಿನಲ್ಲಿ ಬಾಗಿಸುವ ಹಾಗೆ. ಹೋದರು. ಟೈಟಸ್ ನನ್ನ ಪಕ್ಕಕ್ಕೆ ಬಂದು ನಿಂತ. ಕೀಟಲೆ ಮಾಡುತ್ತಾನೆ ಅಂದುಕೊಂಡೆ.

"ಏನ್ ಮಾಡ್ಕೊಂಡ್ರಿ ಮಾ ಕ್ಲೆಮ್ ನೀವು," ಅಂದ ಸಣ್ಣ ದನಿಯಲ್ಲಿ. ನನ್ನ ಮನಸ್ಸು ಅವನಿಗೆ ಗೊತ್ತಿತ್ತು ಅಂತ ನನಗೆ ಗೊತ್ತಾದದ್ದು ಆಗಲೇ.

"ನಿನ್ ಕೆಲಸ ನೋಡ್ಕೋ," ಅಂದೆ.

ಆ ಮಧ್ಯಾಹ್ನ ಮುಗಿಯುವ ಹಾಗೇ ಇರಲಿಲ್ಲ. ದಪ್ಪ ಅಮೆರಿಕನ್ ಒಬ್ಬ ಬಂದು ಜಲಪಾತಕ್ಕೆ ನಡೆದೇ ಹೋಗುತ್ತೇನೆ ಅಂತ ಹಟ ಹಿಡಿದ. "ಹೋಗಪ್ಪಾ, ಮುಂದಿನ ವರ್ಷ ನಿನ್ನ ಹಡಗು ವಾಪಸ್ ಬರೋ ಹೊತ್ತಿಗೆ ತಲುಪ್ತೀಯ," ಅಂದೆ. ಅವನ ಹೆಂಡತಿ ನಕ್ಕು ನಕ್ಕು ನನ್ನ ಭುಜ ಹಿಡಿದುಕೊಂಡಳು. ಇಂಗ್ಲೆಂಡಿನ ಮುದುಕ ಮುದುಕಿ ಎಲ್ಲಿಗೂ ಹೋಗದೆ ಎದುರಿನ ಬೆಂಚಿನಲ್ಲಿ ಕೂತು, ಮಾರ್ಕೆಟ್ಟಿನಲ್ಲಿ ಕೊಂಡ ಕಿತ್ತಳೆಹಣ್ಣು ಸುಲಿದು ಒಬ್ಬರಿಗೊಬ್ಬರು ಕೊಡುತ್ತಿದ್ದರು. ಅವರನ್ನು ನೋಡಲಾಗದೆ ನಾನು ಬೆನ್ನು ತಿರುಗಿಸಿ ನಿಂತೆ.

ಮನಸ್ಸು ಗುಡ್ಡದ ಮೇಲಿತ್ತು. ಆ ಜಗಲಿ ನನಗೆ ಗೊತ್ತು. ಆಂಬ್ರೋಸನ ಹೆಂಡತಿ ತೀರಿಕೊಂಡಾಗ ಪ್ರಾರ್ಥನೆಗೆ ಅಂತ ಹೋಗಿದ್ದೆ, ಆಮೇಲೆ ಕರೆದವರಿಲ್ಲ. ಈಗ ಕೆಂಡ ಮಾಡಿರುತ್ತಾನೆ. ಈಗ ಸುಟ್ಟ ಕಾಯಿಯ ಸಿಪ್ಪೆ ಕೆರೆದು ಬಿಳಿಯ ತಿರುಳನ್ನು ಬೆಣ್ಣೆ ಹಚ್ಚಿ ಕೊಟ್ಟಿರುತ್ತಾನೆ. ಈಗ ಕೇಳಿರುತ್ತಾನೆ. ಅವಳು ಹೂಂ ಅಂದರೆ ನಾಳೆಯಿಂದ ಅವಳು ಮಾರ್ಕೆಟ್ಟಿಗೆ ಬರುತ್ತಾಳೆ, ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ, ಭಾನುವಾರ ಚರ್ಚಿನಲ್ಲಿ ಅವನ ಪಕ್ಕ ಕೂರುತ್ತಾಳೆ. ನಾನು ಹಿಂದಿನ ಬೆಂಚಿನಿಂದ ಅವರ ಬೆನ್ನು ನೋಡಬೇಕು. ಬದುಕಿರುವಷ್ಟು ದಿನ ನೋಡಬೇಕು. ಅಯ್ಯೋ ದೇವರೇ, ಆ ಸೀಟಿ ಊದಿಬಿಡಬಾರದಿತ್ತೇ ನಾನು!

ದೊಡ್ಡ ಬಸ್ಸುಗಳು ಒಂದೊಂದಾಗಿ ಮರಳಿದವು. ಚೀಟಿಯವರೆಲ್ಲ ಬೆವರು ಒರೆಸಿಕೊಂಡು ಹಡಗು ಹತ್ತಿದರು. ಬೆಂಚಿನ ಮುದುಕ ಮುದುಕಿಯೂ ಎದ್ದು ಹೋದರು. ಹಡಗು ಒಮ್ಮೆ ಕೂಗಿತು. ಆಂಬ್ರೋಸನ ವ್ಯಾನು ಬರಲಿಲ್ಲ.

"ಉಳ್ಕೊಂಡ್ಳು ಅಂತ ಕಾಣುತ್ತೆ," ಅಂದ ಮರ್ವಿನ್.

"ಬಾಯ್ಮುಚ್ಚೋ," ಅಂದ ಟೈಟಸ್.

ನಾನು ಗೇಟಿಗೆ ಒರಗಿ ನಿಂತೆ. ಆಯಿತು ಬಿಡು ಕ್ಲೆಮ್, ಮುಗಿಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ತಿರುವಿನಲ್ಲಿ ವ್ಯಾನು ಕಾಣಿಸಿತು, ಧೂಳೆಬ್ಬಿಸಿಕೊಂಡು ಬಂದು ಗೇಟಿನೆದುರು ನಿಂತಿತು.

ಮಾರ್ಗಿಟ್ ಇಳಿದಳು. ಆಂಬ್ರೋಸ್ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದು ಎದುರಿಗೆ ನೋಡುತ್ತಾ ಕೂತಿದ್ದ. ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು. ಮೈಯಿಂದ ಕಟ್ಟಿಗೆ ಹೊಗೆಯ ವಾಸನೆ ಬರುತ್ತಿತ್ತು.

"ಬೆಳಗ್ಗೆ ನೀವು ಸರದಿ ಮುರಿದು ನನ್ನನ್ನ ಕಳಿಸಿದ್ರಿ. ಹಾಗೆ ನೀವು ಯಾವತ್ತೂ ಮಾಡಿದವರಲ್ಲವಂತೆ, ಆಂಬ್ರೋಸ್ ಹೇಳಿದ್ರು."

"ಹೊತ್ತಾಯ್ತು, ಹಡಗು ಬಿಡುತ್ತೆ," ಅಂದೆ. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಅವರು ಕೇಳಿದ್ರು. ನಾನು ಆಗಲ್ಲ ಅಂದೆ." ಬಟ್ಟೆಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ನನ್ನ ಗಂಡ ಇದ್ದಾರೆ. ಆಸ್ಪತ್ರೆಯಂಥ ಒಂದು ಮನೇಲಿ. ನಾನ್ಯಾರು ಅಂತ ಅವರಿಗೆ ನೆನಪಿಲ್ಲ. ದಿನಾ ಬೆಳಗ್ಗೆ ಹೋಗಿ ನನ್ನ ಹೆಸರು ಹೇಳ್ತೀನಿ. ವರ್ಷಕ್ಕೆ ಎರಡು ವಾರ ಅವರ ತಂಗಿ ಬಂದು ನೋಡ್ಕೋತಾಳೆ, ಆಗ ನಾನು ಹಡಗು ಹತ್ತೋದು. ಇಷ್ಟು ವರ್ಷ ಇದನ್ನ ಆಂಬ್ರೋಸ್‌ಗೆ ಹೇಳಿರಲಿಲ್ಲ. ಆ ಜಗಲೀಲಿ ಯಾರೂ ನನ್ನನ್ನ ಏನೂ ಕೇಳ್ತಿರಲಿಲ್ಲ. ಅದಕ್ಕೇ ಬರ್ತಿದ್ದೆ."

"ಮುಂದಿನ ವರ್ಷ?" ಅಂತ ಕೇಳಿಯೇಬಿಟ್ಟೆ.

"ಇಲ್ಲ. ಬಂದ್ರೆ ಅವರು ಕಾಯ್ತಾರೆ." ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. "ಆಸೆ ಇರಲಿಲ್ಲ ಅಂತ ಅಲ್ಲ. ತುಂಬಾ ಇತ್ತು. ಇವತ್ತು ಬೆಟ್ಟ ಇಳಿಯೋವಾಗ, ಗಾಡಿ ಕೆಟ್ಟು ನಿಲ್ಲಲಿ ಅಂತ ಬೇಡ್ಕೊಂಡೆ."

ಬೆಳಗ್ಗೆಯಿಂದ ನಾನು ಬೇಡಿಕೊಂಡದ್ದು ಅವಳು ಅವನಿಗೆ ಸಿಗದಿರಲಿ ಅಂತಲೇ. ಅದು ಕೈಗೆ ಸಿಕ್ಕಾಗ ನನಗೆ ಅಳು ಬಂತು. ಪರದೇಶದವಳನ್ನು ನಡುಬೀದಿಯಲ್ಲಿ ತಬ್ಬಿಕೊಂಡೆ. "ಹುಷಾರಾಗಿ ಹೋಗಮ್ಮಾ, ಸರಿಯಾಗಿ ಊಟ ಮಾಡು, ಎಷ್ಟು ಸೊರಗಿದ್ದೀಯ," ಅಂತ ಏನೇನೋ ಅಂದೆ. ಅವಳು ಗೇಟು ದಾಟಿ ನಡೆದಳು. ಹಿಂತಿರುಗಿ ನೋಡಿದಳೋ ಇಲ್ಲವೋ ನನಗೆ ತಿಳಿಯದು, ಕಣ್ಣು ಮಂಜಾಗಿತ್ತು.

ಹಡಗು ಧಕ್ಕೆ ಬಿಟ್ಟಿತು. ಡ್ರೈವರುಗಳು ಒಬ್ಬೊಬ್ಬರೇ ಹೊರಟರು. ಟೈಟಸ್ ಹೋಗುವಾಗ ಮರ್ವಿನನ ಕತ್ತು ಹಿಡಿದು ಎಳೆದುಕೊಂಡು ಹೋದ. ಆಂಬ್ರೋಸ್ ಮಾತ್ರ ಅಲ್ಲೇ ಕೂತಿದ್ದ. ಹಳದಿ ಅಂಗಿ ಮುದುಡಿತ್ತು. ನಾನು ಅವನ ಕಿಟಕಿಯ ಹತ್ತಿರ ಹೋದೆ.

"ಆಗಲ್ಲ ಅಂದ್ಳು ಕ್ಲೆಮ್."

"ಗೊತ್ತು."

"ಇನ್ ಬರಲ್ವಂತೆ."

"ಅದೂ ಗೊತ್ತು."

"ನಾನು ಕೇಳ್ದೇ ಇದ್ದಿದ್ರೆ ಮುಂದಿನ ವರ್ಷಾನಾದ್ರೂ ಬರ್ತಿದ್ಳು." ಮುಖ ಮುಚ್ಚಿಕೊಂಡು ಅತ್ತ. ಅಷ್ಟೆತ್ತರದ ಗಂಡಸು ಸ್ಟೀರಿಂಗಿನ ಮೇಲೆ ಬಿದ್ದು ಅಳುವುದನ್ನು ನೋಡಿ ನನ್ನ ಕರುಳು ಕಿತ್ತುಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಇನ್ನು ಇವನು ಈ ದುಃಖವನ್ನೂ ನನ್ನ ಹತ್ತಿರವೇ ತಂದು ಹೇಳುತ್ತಾನೆ. ನಾನು ಕೇಳಿಸಿಕೊಳ್ಳುತ್ತೇನೆ. ಮುದುಕಿಯಾಗಿ ಸಾಯುವವರೆಗೂ ಕೇಳಿಸಿಕೊಳ್ಳುತ್ತೇನೆ.

ಸುತ್ತಿ ಬಂದು ಆ ಕಡೆಯ ಬಾಗಿಲು ತೆಗೆದೆ. ಮುಂದಿನ ಸೀಟಿನಲ್ಲಿ ಕೂತೆ. ಇಷ್ಟು ವರ್ಷ ಸಾವಿರಾರು ಜನರನ್ನು ಈ ಗಾಡಿಗಳಿಗೆ ಹತ್ತಿಸಿದ್ದೇನೆ, ಒಂದರಲ್ಲೂ ನಾನು ಕೂತಿರಲಿಲ್ಲ.

ಅವನು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದ. "ಏನ್ ಕ್ಲೆಮ್? ಮನೆಗ್ ಬಿಡ್ಬೇಕಾ? ಇಲ್ಲೇ ಹಿಂದಿನ ಬೀದಿ ಅಲ್ವಾ ನಿಂದು?"

"ನಮ್ಮನೆಗಲ್ಲ."

"ಮತ್ತೆ?"

"ಏಣಿ ಹಿಡಿದಿದ್ದು ನೆನಪಿದೆಯಾ ನಿಂಗೆ? ಅವತ್ತಿಂದ ಕಾಯ್ತಿದ್ದೀನಿ ಕಣೋ ಕುರುಡಾ. ನೀನು ಗೇಟು ಕಾಯ್ತಾ ನಿಂತಿದ್ದಾಗ್ಲೆಲ್ಲ ನಾನು ನಿನ್ನ ಕಾಯ್ತಾ ನಿಂತಿದ್ದೆ. ನನ್ನನ್ನೂ ಎಲ್ಲಿಗಾದ್ರೂ ಕರ್ಕೊಂಡ್ಹೋಗು. ಅವಳನ್ನ ಕೂರಿಸಿದ ಜಾಗ ಮಾತ್ರ ಬೇಡ."

ಅವನು ಗುಡ್ಡದ ಕಡೆ ನೋಡಿದ. ನನ್ನ ಮುಖ ಸುಡುತ್ತಿತ್ತು, ಆದರೂ ಇಳಿಯಲಿಲ್ಲ.

"ನನಗಿರೋದು ಅದೊಂದೇ ಜಗಲಿ, ಕ್ಲೆಮ್," ಅಂದ ಕೊನೆಗೆ.

"ಹಾಗಾದ್ರೆ ಬೇರೆ ಕುರ್ಚಿ ಹಾಕು."

ಅವನು ನಗಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಕೀಲಿ ತಿರುಗಿಸಿದ. ಮಾರ್ಕೆಟ್ ದಾಟಿ ವ್ಯಾನು ಗುಡ್ಡ ಹತ್ತತೊಡಗಿತು. ಹಡಗು ದೂರ ಹೋದಷ್ಟೂ ಇವನ ಕಣ್ಣು ರಸ್ತೆ ಬಿಟ್ಟು ಮೇಲಿನ ಕನ್ನಡಿಗೆ ಹೋಗುತ್ತಿತ್ತು. ಅದರಲ್ಲಿ ಸಮುದ್ರ ಕಾಣುತ್ತಿತ್ತು. ಒಂದು ತಿರುವು ತಾಳಿಕೊಂಡೆ, ಎರಡು ತಾಳಿಕೊಂಡೆ. ಮೂರನೆಯದಕ್ಕೆ ಕೈ ಚಾಚಿ ಆ ಕನ್ನಡಿಯನ್ನು ನನ್ನ ಕಡೆಗೆ ತಿರುಗಿಸಿಬಿಟ್ಟೆ.

"ಅಯ್ಯೋ ಮಾರಾಯ್ತಿ, ಹಿಂದೆ ಬರೋ ಗಾಡಿ ಕಾಣ್ಬೇಡ್ವಾ ನಂಗೆ?"

"ಬಂದೋರು ಹಾರ್ನ್ ಹೊಡೀತಾರೆ," ಅಂದೆ. "ನೀನು ಮುಂದೆ ನೋಡ್ಕೊಂಡು ಓಡ್ಸು."